ಅಕ್ಕ ಕೂತಿದ್ದ ಆ ರಾತ್ರಿ

ನಾನು ತೆಗೆದ ಫೋಟೋಗೆ ಸ್ಪರ್ಧೆಯಲ್ಲಿ ಪದಕ ಬಂದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡೋಕೂ ಆಗಲಿಲ್ಲ, ಗಂಟಲು ಕಟ್ಟಿತ್ತು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಲೆನ್ಸ್ ಕೊಟ್ಟ ಸ್ಟುಡಿಯೋ ಮಾಲೀಕರಿಗೆ, ಎಂಟ್ರಿ ಫೀ ತುಂಬಿದ ಗೆಳೆಯರಿಗೆ, ಸಲೋನ್‌ಗೆ, ಅಂದರೆ ಫೋಟೋ ಸ್ಪರ್ಧೆಗೆ, ಬೇಕಾದ ಸೈಜಿಗೆ ಫೈಲ್ ಇಳಿಸೋದನ್ನು ಹೇಳಿಕೊಟ್ಟ ಬಳ್ಳಾರಿಯ ಹಿರಿಯರಿಗೆ, ನನ್ನ ಬದಲು ಮದುವೆ ಆರ್ಡರ್ ಮುಗಿಸಿಕೊಟ್ಟ ತಮ್ಮನಿಗೆ ತುಂಬಾ ಥ್ಯಾಂಕ್ಸ್.

ಅಕ್ಕನಿಗೆ ಮಾತ್ರ ಒಂದು ಸಾಲು ಸಾಲದು.

ನಮ್ಮ ರಾಯಚೂರು ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವೆ ಇರುವ ಜಿಲ್ಲೆ. ಆದರೂ ಕಾಲುವೆ ನೀರು ತಲುಪದ ಊರುಗಳಿಂದ ಜನ ಗುಳೆ ಹೋಗುತ್ತಾರೆ. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಕ್ಕಳು ಅಜ್ಜಿಯ ಹತ್ತಿರ. ಅಕ್ಕ ದೇವದುರ್ಗದ ಕಡೆ ಆಶಾ ಕಾರ್ಯಕರ್ತೆ. ಅಂಥ ಒಂದು ಮನೆಗೆ ನನ್ನನ್ನು ಕರೆದುಕೊಂಡು ಹೋದವಳು ಅವಳೇ.

ಅವತ್ತು ಅಜ್ಜಿ ಹೊಸ್ತಿಲ ಹತ್ತಿರ ಕೂತಿದ್ದರು. ಕೈಯಲ್ಲಿ ಬಟನ್ ಫೋನ್, ಬ್ಯಾಟರಿ ಬೀಳದ ಹಾಗೆ ಅದಕ್ಕೊಂದು ರಬ್ಬರ್ ಬ್ಯಾಂಡ್. ಫೋನಿನ ಒಂದು ಕಡೆ ಅಜ್ಜಿಯ ಕಿವಿ, ಇನ್ನೊಂದು ಕಡೆ ಮೊಮ್ಮಗಳ ಕಿವಿ. ಬಾಗಿಲ ಬೆಳಕು ಇಬ್ಬರ ಮುಖದ ಮೇಲೂ ಬೀಳುತ್ತಿತ್ತು. 50 ಎಂಎಂ ಲೆನ್ಸ್, ಫ್ಲ್ಯಾಶ್ ಇಲ್ಲ, ಅಜ್ಜಿಯ ಕಣ್ಣಿಗೆ ಫೋಕಸ್. ಹಿಂದಿನ ಮೊಳೆಗೆ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಅದನ್ನು ಅಳಿಸು, ಫ್ರೇಮ್ ಕ್ಲೀನ್ ಆಗುತ್ತೆ ಅಂತ ಕೆಲವರು ಹೇಳಿದರು. ಅಳಿಸಲಿಲ್ಲ. ಅದು ಆ ಮನೆಯ ಗೋಡೆ, ಅಲ್ವಾ?

ತಪ್ಪು ಮಾಡಿದ್ದು ನಾನು. ಫೋಟೋ ತೆಗೀಲಾ ಅಂತ ಕೇಳಿದ್ದೆ, ಸ್ಪರ್ಧೆಗೆ ಕಳಿಸ್ತೀನಿ ಅಂತ ಹೇಳಿರಲಿಲ್ಲ. ಕೊನೆಯ ತಾರೀಖಿಗೆ ಎರಡು ದಿನ ಇರುವಾಗ ಅಜ್ಜಿಯ ಮಗನಿಗೆ ಹೇಗೋ ಗೊತ್ತಾಗಿ ಬೆಂಗಳೂರಿಂದ ಫೋನ್ ಮಾಡಿದರು. "ನಮ್ಮವ್ವನ ಬಡತನ ತೋರಿಸಿ ಬಹುಮಾನ ತಗೋತಿಯೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆಲಸ ಮುಗಿಸಿದ ಅಕ್ಕ ಕೊನೇ ಬಸ್ ಹಿಡಿದು ನನ್ನ ರೂಮಿಗೆ ಬಂದಳು. ಮಾಳಿಗೆ ಮೇಲೆ ಕೂತೆವು. ನಾನು ಅತ್ತುಬಿಟ್ಟೆ. ಕ್ಯಾಮೆರಾ ಮಾರಿಬಿಡ್ತೀನಿ ಅಂದೆ, ನಿಜವಾಗಲೂ ಮಾರುವವನಿದ್ದೆ. ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಸುಮ್ನೆ ಕೂತಿದ್ದಳು. ನೀರು ತಂದು ಕೊಟ್ಟಳು. ಮೂರು ಗಂಟೆ ಆಗಿರಬೇಕು, ಒಂದೇ ಮಾತು ಹೇಳಿದಳು: "ಅವನು ಕೇಳಿದ್ದು ಸರಿ ಐತಿ. ನೀ ಅಜ್ಜಿನ್ನ ಕೇಳು."

ಬೆಳಗ್ಗೆ ಲ್ಯಾಬ್ ತೆಗೆಯುವುದನ್ನೇ ಕಾದು 12x18 ಪ್ರಿಂಟ್ ಹಾಕಿಸಿದೆವು. ನನ್ನ ಬೈಕಿನಲ್ಲಿ ಅಜ್ಜಿಯ ಮನೆಗೆ ಹೊರಟೆವು. ರಾತ್ರಿಯಿಡೀ ಕಣ್ಣು ಮುಚ್ಚದ ಅಕ್ಕ ಹಿಂದೆ ಕೂತು, ಪ್ರಿಂಟ್ ಮಡಚದ ಹಾಗೆ ಎದೆಗೆ ಹಿಡಿದುಕೊಂಡಿದ್ದಳು. ಏನಕ್ಕೆ ಕಳಿಸ್ತೀವಿ, ಯಾರ್‍ಯಾರು ನೋಡ್ತಾರೆ, ಎಲ್ಲವನ್ನೂ ಅಜ್ಜಿಗೆ ಅವಳೇ ಬಿಡಿಸಿ ಹೇಳಿದಳು. ಬ್ಯಾಡ ಅಂದ್ರೆ ಬ್ಯಾಡ ಅಂತಾನೂ ಹೇಳಿದಳು. ಅಜ್ಜಿ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದರು. ತಮ್ಮ ಮುಖ ನೋಡಲಿಲ್ಲ. ಫೋನಿನ ಮೇಲೆ ಬೆರಳಿಟ್ಟು, "ಇದ್ರಾಗ ನನ್ನ ಮಗ ಮಾತಾಡಾಕತ್ತಾನ" ಅಂದರು. ಆಮೇಲೆ ಮಗನಿಗೆ ಅವರೇ ಫೋನ್ ಹಚ್ಚಿಸಿದರು.

ಅಕ್ಕ, ಆ ರಾತ್ರಿ ನೀನು ಬರದಿದ್ದರೆ ನಾನು ಆ ಮನೆಗೆ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಪದಕಕ್ಕಿಂತ ಆ ಭಯವೇ ನನಗೆ ಜಾಸ್ತಿ ನೆನಪಾಗುತ್ತದೆ.

ದೊಡ್ಡ ಪ್ರಿಂಟ್ ಈಗ ಅಜ್ಜಿಯ ಮನೆಯಲ್ಲಿದೆ, ರೇಷನ್ ಕಾರ್ಡಿನ ಚೀಲದ ಪಕ್ಕ. ಮಗ ಮೊನ್ನೆ ಫೋನ್ ಮಾಡಿ ತಮಗೂ ಒಂದು ಬೇಕು ಅಂದರು. ಅವರಿರುವ ಶೆಡ್ಡಿನಲ್ಲಿ ಗೋಡೆ ಇಲ್ಲ, ಬರೀ ತಗಡು. ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣದು ಸಾಕಂತೆ. ನಾಳೆ ಹಾಕಿಸುತ್ತೇನೆ.