ಪ್ರಿಡ್ಡಿಯ ತಡಿಕೆಗಳು

ಬ್ರಿಸ್ಟಲ್,
ಭಾನುವಾರ

ಅಪ್ಪನಿಗೆ ನಿನ್ನ ಮಗಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಏನಾದರೂ ಶುರು ಮಾಡಿದರೆ ಅರ್ಧಕ್ಕೇ "ಸರಿ ಸರಿ, ಊಟ ಆಯ್ತಾ?" ಅಂತೀಯ. ಅದಕ್ಕೇ ಇದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳು.

ಮೊನ್ನೆ ರಜೆ ಇತ್ತು. ನಮ್ಮ ವಾರ್ಡಿನ ನರ್ಸ್ ಒಬ್ಬಳು ಪ್ರಿಡ್ಡಿ ಅನ್ನೋ ಹಳ್ಳಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ಸೋಮರ್ಸೆಟ್ ಸೀಮೆಯಲ್ಲಿ ಮೆಂಡಿಪ್ ಅಂತ ಗುಡ್ಡಸಾಲು ಇದೆ. ಅದರ ಮೇಲೆ ಈ ಊರು. ಸಿಕ್ಕಾಪಟ್ಟೆ ಗಾಳಿ. ಎಲ್ಲಿ ನೋಡಿದರೂ ಕಲ್ಲುಗೋಡೆ, ಹುಲ್ಲು, ಕುರಿ. ಊರ ನಡುವಿನ ಹುಲ್ಲುಬಯಲಿನಲ್ಲಿ ಒಂದು ಪುಟ್ಟ ಗುಡಿಸಲು ಕಂಡಿತು. ಹತ್ತಿರ ಹೋದರೆ ಬಾಗಿಲೇ ಇಲ್ಲ! ಮರದ ತಡಿಕೆಗಳನ್ನು ಒಟ್ಟಿ, ಮೇಲೆ ಹುಲ್ಲು ಹೊದಿಸಿದ್ದಾರೆ, ಅಷ್ಟೆ. ಸೌದೆಗೆ ಇಷ್ಟೊಂದು ಮರ್ಯಾದೆಯಾ ಅಂತ ನಕ್ಕುಬಿಟ್ಟೆ.

ಸೌದೆ ಅಲ್ಲವಂತೆ. ಕುರಿ ಜಾತ್ರೆಯಲ್ಲಿ ದೊಡ್ಡಿ ಕಟ್ಟುವ ತಡಿಕೆಗಳಂತೆ. ಈ ರಾಶಿ ಇರೋವರೆಗೂ ಜಾತ್ರೆ ಇರುತ್ತದೆ ಅನ್ನುವುದು ಊರವರ ನಂಬಿಕೆ. ನನಗೆ ತಕ್ಷಣ ನಮ್ಮ ಅಟ್ಟ ನೆನಪಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಜಾತ್ರೆ ಮೊದಲು ಇಲ್ಲಿಯದಲ್ಲವಂತೆ. ಗುಡ್ಡದ ಕೆಳಗೆ ವೆಲ್ಸ್ ಅಂತ ಪಟ್ಟಣ ಇದೆ, ದೊಡ್ಡ ಚರ್ಚು, ಬಿಷಪ್ ಎಲ್ಲ ಇರುವ ಊರು. ಜಾತ್ರೆ ಅಲ್ಲಿ ನಡೆಯುತ್ತಿತ್ತಂತೆ. 1348ರಲ್ಲಿ ಇಂಗ್ಲೆಂಡಿಗೆ ಪ್ಲೇಗು ಬಂತು. ಪಟ್ಟಣದಲ್ಲಿ ಜನ ಸೇರುವುದು ಬೇಡ ಅಂತ ಜಾತ್ರೆಯನ್ನು ಗುಡ್ಡ ಹತ್ತಿಸಿದರು ಅನ್ನುತ್ತಾರೆ. ಪ್ಲೇಗಿನ ಕಾಲದಲ್ಲಿ ನಮ್ಮವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಅಂತ ಅಜ್ಜಿ ಹೇಳುತ್ತಿದ್ದಳಲ್ಲ, ಹಾಗೇ. ಅವರು ಪ್ಲೇಗು ಹೋದ ಮೇಲೆ ಮನೆಗೆ ಬಂದರು. ಈ ಜಾತ್ರೆ ಮಾತ್ರ ಇಳಿದು ಹೋಗಲೇ ಇಲ್ಲ.

ಅಲ್ಲಿನ ಬಿಷಪ್ 1349ರ ಜನವರಿಯಲ್ಲಿ ಒಂದು ಕಾಗದ ಬರೆದನಂತೆ. ಪಾದ್ರಿಗಳೇ ಸತ್ತುಹೋಗುತ್ತಿದ್ದರು, ಇದ್ದವರು ರೋಗಿಗಳ ಹತ್ತಿರ ಹೋಗಲು ಹೆದರುತ್ತಿದ್ದರು. ಅದಕ್ಕೆ, ಪಾದ್ರಿ ಸಿಗದಿದ್ದರೆ ಸಾಯುವವರು ತಮ್ಮ ತಪ್ಪುಗಳನ್ನು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳಲಿ, ಹೆಂಗಸಾದರೂ ಸರಿ ಅಂತ. ಹೆಂಗಸಾದರೂ ಸರಿ! ಕೋವಿಡ್ ವಾರ್ಡಿನಲ್ಲಿ ಎಷ್ಟು ಜನರ ಕೊನೇ ಮಾತು ಕೇಳಿದವರು ನಾವೇ ಅಲ್ವಾ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊರಿಗೆ ಇನ್ನೂ ಹಳೆಯ ಕಥೆಗಳಿವೆ. ರೋಮನ್ನರು ಈ ಗುಡ್ಡಗಳಲ್ಲಿ ಸೀಸ ತೆಗೆಯುತ್ತಿದ್ದರು. ಏಸು ಹುಡುಗನಾಗಿದ್ದಾಗ ಇಲ್ಲಿಗೆ ಬಂದಿದ್ದ ಅಂತಲೂ ಒಂದು ಮಾತಿದೆ. ನಮ್ಮಲ್ಲಿ ರಾಮ ಸೀತೆ ಕೂತು ಹೋಗದ ಬಂಡೆ ಯಾವುದಿದೆ ಹೇಳು!

ಜಾತ್ರೆ ಆಗಸ್ಟಿನಲ್ಲಿ, 21ನೇ ತಾರೀಕಿಗೆ ಹತ್ತಿರದ ಬುಧವಾರ ನಡೆಯುತ್ತಿತ್ತು. ಕುರಿಗಳ ಜೊತೆ ಕುದುರೆಗಳೂ ಬರುತ್ತಿದ್ದವು. ಅಲೆಮಾರಿ ಜಿಪ್ಸಿಗಳು ಅವುಗಳನ್ನು ಬೀದಿಯಲ್ಲಿ ಓಡಿಸಿ ತೋರಿಸುತ್ತಿದ್ದರಂತೆ. ಈ ಕಡೆಯ ಕುದುರೆ ವ್ಯಾಪಾರದಲ್ಲಿ ಎಲ್ಲರೆದುರೇ ಚೌಕಾಸಿ ಮಾಡಿ, ಕುದುರಿದ ಮೇಲೆ ಅಂಗೈಗೆ ಅಂಗೈ ಬಡಿಯುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನೀನು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕೇಳುತ್ತಿದ್ದದ್ದನ್ನು ನನ್ನ ಗೆಳತಿಗೆ ಮಾಡಿ ತೋರಿಸಿದೆ. ಅವಳಿಗೆ ಬಹಳ ಖುಷಿಯಾಯಿತು, ಇಂಥ ಗುಟ್ಟಿನ ವ್ಯಾಪಾರ ನಮ್ಮವರ ಕೈಲಿ ಆಗಲ್ಲ ಅಂದಳು.

2001ರಲ್ಲಿ ಇಲ್ಲಿ ಕಾಲುಬಾಯಿ ಜ್ವರ ಬಂತು. ನಮ್ಮಲ್ಲಾದರೆ ಗೊರಸು ತೊಳೆದು, ಬಾಯಿಗೆ ಔಷಧಿ ಹಚ್ಚಿ ಆರೈಕೆ ಮಾಡುತ್ತೇವೆ. ಇಲ್ಲಿ ಕೊಂದರು ಅಪ್ಪ. 60 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳು. ಎಷ್ಟೋ ಪ್ರಾಣಿಗಳಿಗೆ ರೋಗವೇ ಇರಲಿಲ್ಲ, ಪಕ್ಕದ ಹೊಲದಲ್ಲಿದ್ದದ್ದೇ ಅವು ಮಾಡಿದ ತಪ್ಪು. ಆ ವರ್ಷ ಪ್ರಿಡ್ಡಿಯಲ್ಲೂ ಜಾತ್ರೆ ಇಲ್ಲ. ರೋಗದಿಂದಾಗಿ ಗುಡ್ಡ ಹತ್ತಿದ ಜಾತ್ರೆಯನ್ನು ಆ ವರ್ಷ ರೋಗವೇ ನಿಲ್ಲಿಸಿತು.

ತಡಿಕೆ ರಾಶಿಗೆ 2013ರಲ್ಲಿ ಯಾರೋ ಬೆಂಕಿ ಇಟ್ಟರು. ಊರವರು ಮತ್ತೆ ಕಟ್ಟಿದರು. ನಾನು ಮುಟ್ಟಿದ್ದು ಆ ಹೊಸದನ್ನೇ. ಆದರೆ ಆಮೇಲೆ ಜಾತ್ರೆ ನಿಂತುಹೋಯಿತು. ಈಗ ರಾಶಿ ಇದೆ, ಜಾತ್ರೆ ಇಲ್ಲ. ಹಾಗಿದ್ದೂ ಅದಕ್ಕೆ ಹುಲ್ಲು ಹೊದಿಸಿ ಇಟ್ಟಿದ್ದಾರೆ ನೋಡು.

ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ ಘಾಟಿ ದನಗಳ ಜಾತ್ರೆ ಬೇಡ ಅಂದಾಗ ನೀನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಹೇಳಿದ್ದಳು. ಆಮೇಲೆ ಹಳ್ಳಿಕಾರ್ ಜೋಡಿಯನ್ನೂ ಮಾರಿದೆ. ಈಗ ಅಟ್ಟ ಖಾಲಿ ಮಾಡಿಸುತ್ತೀನಿ, ಜಾತ್ರೆ ಗೂಟ, ಹಗ್ಗ, ಗೆಜ್ಜೆಪಟ್ಟಿ ಎಲ್ಲ ತೆಗೀಬೇಕು ಅಂತ ಅಣ್ಣ ಹೋದ ವಾರ ಹೇಳುತ್ತಿದ್ದ. ಗೆಜ್ಜೆಪಟ್ಟಿ ಬೇಕಾದರೆ ಚಿಕ್ಕಪ್ಪನ ಎತ್ತುಗಳಿಗೆ ಕೊಡು. ಗೂಟಗಳನ್ನು ಮಾತ್ರ ನೀರೊಲೆಗೆ ಹಾಕಬೇಡಿ. ನಾನು ಡಿಸೆಂಬರಿನಲ್ಲಿ ಬರುತ್ತೇನೆ. ಅಲ್ಲಿವರೆಗೂ ಅವು ಅಟ್ಟದ ಮೇಲೇ ಇರಲಿ. ಅಣ್ಣ ಬೈದರೆ ನನ್ನ ಹೆಸರು ಹೇಳು.

ನಿನ್ನ ಮಗಳು,
ಭಾಗ್ಯ