ಗುಳೆ ಹೋದವರ ಮಕ್ಕಳ ಪ್ರವಾಸ: ಇಸ್ರೇಲಿನಿಂದ ಕಲಿಯಬೇಕಾದ್ದು, ಬಿಡಬೇಕಾದ್ದು

ಮಾನ್ಯ ಸಂಪಾದಕರೆ,

ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗಿ ಅಲ್ಲೇ ನೆಲೆ ನಿಂತವರ ಮಕ್ಕಳಿಗೆ ಕಲಬುರಗಿ, ಬೀದರ್, ಯಾದಗಿರಿ ಎಂದರೆ ಆಧಾರ್ ಕಾರ್ಡಿನಲ್ಲಿರುವ ಹೆಸರು ಮಾತ್ರ ಆಗುತ್ತಿದೆ. ಇಸ್ರೇಲ್ ಹೊರದೇಶಗಳಲ್ಲಿರುವ ಯಹೂದಿ ಯುವಜನರನ್ನು ಹತ್ತು ದಿನ ಕರೆಸಿಕೊಳ್ಳುವ ಹಾಗೆ ಇವರನ್ನೂ ಪುಕ್ಕಟೆ ಕರೆತಂದು ಊರು ತೋರಿಸಬೇಕು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಆ ಆಸೆ ನಮಗೂ ಇದೆ. ಆದರೆ ಇಸ್ರೇಲಿನ ಹೆಸರು ಎತ್ತಿದ ಮೇಲೆ ಆ ಪ್ರವಾಸ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ಪುಕ್ಕಟೆ ಟಿಕೆಟ್ ಅದರಲ್ಲಿ ಚಿಕ್ಕ ಭಾಗ. ಅದನ್ನಷ್ಟೇ ನಕಲು ಮಾಡಿದರೆ ಸರ್ಕಾರಿ ದುಡ್ಡಿನಲ್ಲಿ ಇನ್ನೊಂದು ದರ್ಶನ ಯಾತ್ರೆ ಆದೀತು, ಅಷ್ಟೇ.

ಆ ಪ್ರವಾಸಕ್ಕೆ ಹೀಬ್ರೂ ಭಾಷೆಯಲ್ಲಿ ತಗ್ಲಿತ್ ಎಂದೂ ಹೊರಗೆ ಬರ್ತ್‌ರೈಟ್ ಇಸ್ರೇಲ್ ಎಂದೂ ಹೆಸರು. ಅದು ಹುಟ್ಟಿದ್ದು ಭಯದಿಂದ. 1990ರಲ್ಲಿ ಅಮೆರಿಕದ ಯಹೂದಿಗಳ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಹಿಂದಿನ ಐದಾರು ವರ್ಷಗಳಲ್ಲಿ ಮದುವೆಯಾದವರಲ್ಲಿ ಶೇ. 52ರಷ್ಟು ಮಂದಿ ಬೇರೆ ಧರ್ಮದವರ ಕೈ ಹಿಡಿದಿದ್ದಾರೆ ಎಂಬ ಲೆಕ್ಕ ಹೊರಬಿತ್ತು. ಆಮೇಲೆ ವಿದ್ವಾಂಸರು ಈ ಲೆಕ್ಕವನ್ನು ತಗ್ಗಿಸಿದರೂ ಆಗಲೇ ಸಮುದಾಯ ಗಾಬರಿಯಾಗಿತ್ತು. ಇಸ್ರೇಲಿನ ರಾಜಕಾರಣಿ ಯೋಸಿ ಬೈಲಿನ್ ಇಟ್ಟ ಸಲಹೆಯನ್ನು ಚಾರ್ಲ್ಸ್ ಬ್ರಾನ್ಫ್‌ಮನ್, ಮೈಕಲ್ ಸ್ಟೈನ್‌ಹಾರ್ಟ್ ಎಂಬ ಇಬ್ಬರು ಧನಿಕರು ಕೈಗೆತ್ತಿಕೊಂಡರು. 1999ರ ಕೊನೆಯಲ್ಲಿ ಮೊದಲ ತಂಡಗಳು ವಿಮಾನ ಹತ್ತಿದವು. ಅಲ್ಲಿಂದೀಚೆಗೆ 8 ಲಕ್ಷಕ್ಕೂ ಹೆಚ್ಚು ಯುವಜನ ಹೋಗಿ ಬಂದಿದ್ದಾರೆ. ಇಸ್ರೇಲ್ ಸರ್ಕಾರ, ಖಾಸಗಿ ದಾನಿಗಳು, ಬೇರೆ ಬೇರೆ ದೇಶಗಳ ಯಹೂದಿ ಸಂಸ್ಥೆಗಳು ಸೇರಿ ಖರ್ಚು ಭರಿಸುತ್ತವೆ.

ಹೆಸರು ಕೊಟ್ಟವರನ್ನೆಲ್ಲ ಒಯ್ಯುವುದಿಲ್ಲ. ವಯಸ್ಸು 18ರಿಂದ 26ರ ಒಳಗಿರಬೇಕು. 2017ರಲ್ಲಿ ಇದನ್ನು 32ಕ್ಕೆ ಏರಿಸಿ ನೋಡಿದರು, ಕೆಲವು ವರ್ಷಗಳ ನಂತರ ಮತ್ತೆ 26ಕ್ಕೇ ಇಳಿಸಿದರು. ತಂದೆ ತಾಯಿಯರಲ್ಲಿ ಒಬ್ಬರಾದರೂ ಯಹೂದಿ ಆಗಿರಬೇಕು, ಇಲ್ಲವೇ ಅರ್ಜಿದಾರರೇ ವಿಧಿವತ್ತಾಗಿ ಆ ಧರ್ಮಕ್ಕೆ ಸೇರಿರಬೇಕು. ಅರ್ಜಿ ಹಾಕಿದ ಮೇಲೆ ಸಂದರ್ಶನ ಇರುತ್ತದೆ. ಪುಕ್ಕಟೆ ಎಂದರೂ ಅಮೆರಿಕದವರಿಂದ 250 ಡಾಲರ್ ಠೇವಣಿ ಇಡಿಸಿಕೊಳ್ಳುತ್ತಾರೆ. ಹೋಗಿ ಬಂದರೆ ಆ ಹಣ ವಾಪಸ್. ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಇಲ್ಲ. ಈ ಠೇವಣಿ ಇಲ್ಲದಿದ್ದರೆ ಹೆಸರು ಬರೆಸಿ ಬಾರದವರಿಂದಲೇ ಅರ್ಧ ಬಸ್ಸು ಖಾಲಿ ಓಡುತ್ತದೆ. ನಮ್ಮಲ್ಲಿ ಉಚಿತ ತರಬೇತಿ ಶಿಬಿರ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ತೊಡಕು ಹೆಚ್ಚಾಗಿ ಕಾಗದಪತ್ರದ್ದು. ಹೊರದೇಶದಲ್ಲೇ ಹುಟ್ಟಿದ್ದರೂ ಹೆತ್ತವರು ಇಸ್ರೇಲಿ ಪ್ರಜೆಗಳಾಗಿದ್ದರೆ ಆ ಹುಡುಗ ಅಥವಾ ಹುಡುಗಿಯನ್ನೂ ಪ್ರಜೆ ಎಂದೇ ಎಣಿಸುತ್ತಾರೆ. ಇಸ್ರೇಲಿ ಪಾಸ್‌ಪೋರ್ಟಿನ ಮೇಲೇ ಒಳಗೆ ಹೋಗಬೇಕು, ಅಲ್ಲಿ ಕಡ್ಡಾಯವಾದ ಸೈನ್ಯ ಸೇವೆಯ ವಿಷಯವನ್ನು ಮುಂಚೆಯೇ ಬಗೆಹರಿಸಿಕೊಂಡಿರಬೇಕು. ಇದು ಗೊತ್ತಾಗದೆ ತಡ ಮಾಡಿದವರ ಸೀಟು ಹೋಗುತ್ತದೆ. ವೀಸಾ ಬೇಡದ ದೇಶಗಳವರೂ 2025ರ ಜನವರಿಯಿಂದ ಆನ್‌ಲೈನಿನಲ್ಲಿ ಮುಂಗಡ ಅನುಮತಿ ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕೇ ಬೇಕು.

ಇನ್ನು ಬಸ್ಸು. ಒಂದು ಬಸ್ಸಿಗೆ ಸುಮಾರು 40 ಮಂದಿ. ಹತ್ತೂ ದಿನ ಒಬ್ಬನೇ ಮಾರ್ಗದರ್ಶಿ. ಊರಿಗೊಬ್ಬ ಗೈಡ್ ಬದಲಾಗುವುದಿಲ್ಲ. ಜೊತೆಗೆ ಅವರ ದೇಶದಿಂದಲೇ ಬಂದ ಇಬ್ಬರು ಮೇಲ್ವಿಚಾರಕರು, ಬಂದೂಕು ಹಿಡಿದ ಒಬ್ಬ ಕಾವಲುಗಾರ. ಇವರಿಗಿಂತ ಮುಖ್ಯವಾದವರು ಅದೇ ವಯಸ್ಸಿನ ಇಸ್ರೇಲಿ ಹುಡುಗ ಹುಡುಗಿಯರು. ಹೆಚ್ಚಿನವರು ಸೇವೆಯಲ್ಲಿರುವ ಸೈನಿಕರು. ಅವರು ಅರ್ಧ ದಿನ ಬಂದು ಭಾಷಣ ಮಾಡಿ ಹೋಗುವುದಿಲ್ಲ. ಐದು ದಿನವೋ ಅದಕ್ಕಿಂತ ಹೆಚ್ಚೋ ಅದೇ ಬಸ್ಸಿನಲ್ಲಿ ಓಡಾಡುತ್ತಾರೆ, ಅದೇ ಕೋಣೆಯಲ್ಲಿ ಮಲಗುತ್ತಾರೆ, ಅದೇ ಮೇಜಿನಲ್ಲಿ ಉಣ್ಣುತ್ತಾರೆ. ಹರ್ಜ್ಲ್ ಬೆಟ್ಟದ ಸೈನಿಕ ಸ್ಮಶಾನದಲ್ಲಿ ಗೈಡ್ ಇಸವಿ ಹೇಳಿದರೆ ಯಾರೂ ನೆನಪಿಡುವುದಿಲ್ಲ. ಎರಡು ದಿನ ಪಕ್ಕದ ಸೀಟಿನಲ್ಲಿ ಕೂತು ಹಾಡು ಹೇಳಿದವಳು ತನ್ನ ಗೆಳೆಯನ ಸಮಾಧಿಯ ಮುಂದೆ ನಿಂತು ಮಾತಾಡಿದರೆ ಮರೆಯುವುದಿಲ್ಲ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು ಅರ್ಜಿ ಹಾಕಿ ಹೋದವರನ್ನೂ ಅರ್ಜಿ ಹಾಕಿಯೂ ಹೋಗದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ. ಇಸ್ರೇಲಿನ ಬಗ್ಗೆ ನಂಟಿನ ಭಾವನೆ, ಯಹೂದಿ ಸಂಗಾತಿಯನ್ನೇ ಆರಿಸುವುದು, ಎರಡೂ ಹೋದವರಲ್ಲಿ ಹೆಚ್ಚಾಗಿ ಕಂಡಿವೆ. ಆ ಫಲಕ್ಕೆ ಸ್ಮಾರಕಗಳಿಗಿಂತ ಈ ಒಡನಾಟವೇ ಕಾರಣ ಎಂಬುದು ನಮ್ಮ ತಿಳಿವಳಿಕೆ.

ದಾರಿಯಲ್ಲಿ ಜೆರುಸಲೇಮಿನ ಪವಿತ್ರ ಪಶ್ಚಿಮ ಗೋಡೆ, ನಾಜಿಗಳು ಕೊಂದ ಯಹೂದಿಗಳ ನೆನಪಿನ ಯಾದ್ ವಾಶೆಮ್ ಸ್ಮಾರಕ, ಮಸಾಡ ಕೋಟೆ, ಮೃತ ಸಮುದ್ರ, ಗೋಲನ್ ಗುಡ್ಡಗಳು, ಟೆಲ್ ಅವೀವ್ ನಗರ ಬರುತ್ತವೆ. ಮಸಾಡವನ್ನು ಸೂರ್ಯ ಹುಟ್ಟುವ ಮುಂಚೆ ಹಾವಿನ ದಾರಿ ಎಂಬ ಕಾಲುದಾರಿಯಲ್ಲಿ ಹತ್ತಿಸುತ್ತಾರೆ. ಸುಮಾರು 350 ಮೀಟರ್ ಏರು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಮಂಡಿ ನೋವಿನವರಿಗೆ ಕೇಬಲ್ ಕಾರ್ ಇದೆ. ದಿನಕ್ಕೆ 3 ಲೀಟರ್ ನೀರು ಕುಡಿಯಲೇಬೇಕು ಎಂದು ಮೊದಲ ದಿನವೇ ತಾಕೀತು ಮಾಡುತ್ತಾರೆ, ಏಕೆಂದರೆ ಒಣ ಬಿಸಿಲಿನಲ್ಲಿ ಬೆವರು ಕಾಣುವುದಿಲ್ಲ, ನೀರಡಿಕೆ ಗೊತ್ತಾಗುವ ಹೊತ್ತಿಗೆ ತಲೆ ಸುತ್ತಿರುತ್ತದೆ. ಕಲಬುರಗಿಯ ಬಿಸಿಲು ಕಂಡವರಿಗೆ ಇದು ಹೊಸ ಮಾತಲ್ಲ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಬಸ್ಸು ಕದಲುವುದಿಲ್ಲ. ನೋಡುವುದು ಏನೂ ಇಲ್ಲದ ಆ ದಿನವೇ ಹುಡುಗರು ದುಂಡಗೆ ಕೂತು ಮನಸ್ಸು ಬಿಚ್ಚಿ ಮಾತಾಡುವುದು. ದಿನಕ್ಕೆ ಏಳೆಂಟು ಗುಡಿ ಗುಮ್ಮಟ ಸುತ್ತಿಸುವ ನಮ್ಮ ಪ್ರವಾಸ ಪಟ್ಟಿಗಳಲ್ಲಿ ಇಂಥ ದಿನಕ್ಕೆ ಜಾಗವೇ ಇರುವುದಿಲ್ಲ.

ಹತ್ತು ದಿನದ ನಂಟು ಬೇಗ ಆರುತ್ತದೆ ಎಂಬುದು ಅವರಿಗೂ ಗೊತ್ತಿದೆ. ಅದಕ್ಕಾಗಿ 2004ರಲ್ಲಿ ಮಾಸಾ ಎಂಬ ಏರ್ಪಾಡು ಬಂತು. ಅದರಲ್ಲಿ ತಿಂಗಳುಗಟ್ಟಲೆ ಅಲ್ಲೇ ಉಳಿದು ಓದಬಹುದು, ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬಹುದು, ಕೆಲಸ ಕಲಿಯಬಹುದು. ಬೇಸಿಗೆಯಲ್ಲಿ ಕೆಲವು ವಾರ ಕಚೇರಿಗಳಲ್ಲಿ ಕೆಲಸ ಮಾಡಿಸುವ ಆನ್‌ವರ್ಡ್ ಎಂಬುದೂ ಇದೆ.

ಆದರೆ ಬೆಸೆಯಲೆಂದು ಮಾಡಿದ ಪ್ರವಾಸವೇ ಯಾರು ನಮ್ಮವರು ಎಂಬ ತಕರಾರನ್ನೂ ಎಬ್ಬಿಸುತ್ತದೆ. ತಂದೆ ಮಾತ್ರ ಯಹೂದಿ ಆಗಿದ್ದರೆ ಮಗಳಿಗೆ ಈ ಬಸ್ಸಿನಲ್ಲಿ ಸೀಟು ಸಿಗುತ್ತದೆ. 1950ರ ವಾಪಸಾತಿ ಕಾಯ್ದೆಗೆ 1970ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಪೌರತ್ವವೂ ಸಿಗುತ್ತದೆ. ಆದರೆ ಇಸ್ರೇಲಿನಲ್ಲಿ ಯಹೂದಿಗಳ ಮದುವೆ ಧರ್ಮಗುರುಗಳಾದ ರಬ್ಬಿಗಳ ಕೈಯಲ್ಲಿದೆ, ಅವರು ತಾಯಿಯ ಕಡೆಯನ್ನಷ್ಟೇ ಎಣಿಸುತ್ತಾರೆ. ಅವಳು ಆ ನೆಲದಲ್ಲಿ ಅವರ ಮುಂದೆ ಮದುವೆಯಾಗುವಂತಿಲ್ಲ.

ಈ ನೋವು ನಮ್ಮ ನೆರೆಯವರಿಗೂ ತಟ್ಟಿದೆ. ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಶನಿವಾರ ತೇಲಿ ಎನ್ನುತ್ತಿದ್ದರು. ಮನೆಮಾತು ಮರಾಠಿ. ಪ್ರವಾದಿ ಎಲಿಯನಿಗೆ ಅವರು ಇಡುವ ಎಡೆಗೆ ಮಲಿದಾ ಎಂದೇ ಹೆಸರು. ನಮ್ಮ ಮಾಲ್ದಿಯ ಹಾಗೆ ರೊಟ್ಟಿ ಮುರಿದು ಮಾಡುವುದಲ್ಲ, ಅವಲಕ್ಕಿ, ಕಾಯಿತುರಿ, ಸಕ್ಕರೆ ಕಲಸಿ ಹಣ್ಣು ಜೋಡಿಸುತ್ತಾರೆ. ಇವರಲ್ಲಿ ಬಹುಪಾಲು ಜನ 1948ರ ನಂತರ ಇಸ್ರೇಲಿಗೆ ಹೋದರು. 1960ರ ದಶಕದ ಆರಂಭದಲ್ಲಿ ಮುಖ್ಯ ರಬ್ಬಿಗಳ ಕಚೇರಿ ಮದುವೆಗೆ ಮುಂಚೆ ಇವರ ವಂಶದ ವಿಚಾರಣೆ ನಡೆಸಬೇಕೆಂದು ಆದೇಶಿಸಿತು. ಅವರು ಬೀದಿಗಿಳಿದ ಮೇಲೆ 1964ರಲ್ಲಿ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿತು. ತಲೆಮಾರುಗಳಿಂದ ಶನಿವಾರ ಗಾಣ ನಿಲ್ಲಿಸಿದವರನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದು ಅನ್ಯಾಯ ಎಂದೇ ನಾವು ಭಾವಿಸುತ್ತೇವೆ. ಗುಳೆ ಹೋದವರ ಮಕ್ಕಳ ಪಟ್ಟಿ ಮಾಡುವಾಗ ಜಾತಿ ಪ್ರಮಾಣಪತ್ರ, ಪಹಣಿ, ಮನೆಮಾತು ಯಾವುದನ್ನೂ ಕೇಳಬಾರದು. ಅಜ್ಜಿ ತಾತರಲ್ಲಿ ಒಬ್ಬರ ಊರಿನ ಹೆಸರು ಹೇಳಿದರೆ ಸಾಕು. ದಖನಿ, ಲಂಬಾಣಿ, ತೆಲುಗು, ಮರಾಠಿ ಆಡುವವರೂ ಇಲ್ಲಿಯವರೇ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 1948ರಲ್ಲಿ ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಬಿಡಬೇಕಾಯಿತು. ಅವರ ಮೊಮ್ಮಕ್ಕಳಿಗೆ ಇಂಥ ಬಸ್ಸಿಲ್ಲ, ಹಲವರಿಗೆ ಆ ಊರು ನೋಡಲು ಪ್ರವೇಶವೂ ಇಲ್ಲ. ಬರ್ತ್‌ರೈಟ್ ದಾರಿ ಇಸ್ರೇಲಿನ ಸೈನ್ಯದ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿ ಊರುಗಳನ್ನು ಮುಟ್ಟುವುದಿಲ್ಲ. 2018ರ ಬೇಸಿಗೆಯಲ್ಲಿ ಕೆಲವು ಯುವತಿಯರು ನಡುದಾರಿಯಲ್ಲೇ ಬಸ್ಸು ಬಿಟ್ಟು ಅಲ್ಲಿಯ ಹೆಬ್ರಾನ್ ನಗರ ನೋಡಲು ಹೋದರು. ಮರುವರ್ಷ ಜೆ ಸ್ಟ್ರೀಟ್ ಎಂಬ ಅಮೆರಿಕದ ಯಹೂದಿ ಸಂಘಟನೆ ಪಶ್ಚಿಮ ದಂಡೆಯನ್ನೂ ಸೇರಿಸಿ ಬೇರೆಯದೇ ಉಚಿತ ಪ್ರವಾಸ ನಡೆಸಿತು. ತೋರಿಸದೆ ಬಿಟ್ಟಿದ್ದನ್ನು ಹುಡುಗರು ಫೋನಿನಲ್ಲಿ ನೋಡುತ್ತಾರೆ. ಆಗ ತೋರಿಸಿದ್ದನ್ನೂ ನಂಬುವುದು ಕಷ್ಟವಾಗುತ್ತದೆ. ಯುದ್ಧದ ಆತಂಕ ಬೇರೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಪ್ರವಾಸಗಳು ನಿಂತು ಮುಂದಿನ ಜನವರಿಯಲ್ಲಿ ಸಣ್ಣದಾಗಿ ಶುರುವಾದವು. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳಿಂದ ವಿಮಾನ ನಿಂತಾಗ ಸುಮಾರು 1,500 ಮಂದಿಯನ್ನು ಹಡಗಿನಲ್ಲಿ ಸೈಪ್ರಸ್‌ಗೆ ಸಾಗಿಸಬೇಕಾಯಿತು.

1948 ನಮ್ಮ ಜಿಲ್ಲೆಗಳಿಗೂ ಹಸಿ ಗಾಯವೇ. ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ನಿಜಾಮನ ಪರವಾಗಿದ್ದ ರಜಾಕಾರರು ನಡೆಸಿದ ಹತ್ಯೆಯನ್ನು ಮಕ್ಕಳಿಗೆ ತೋರಿಸಬೇಕು, ಹೇಳಬೇಕು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದದ್ದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿಯ ವರದಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡರ ಹೆಸರನ್ನೂ ಹೇಳುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಬಸ್ಸಿನಲ್ಲಿ ಕೂತ ಯಾವುದೋ ಮಗುವಿನ ಅಜ್ಜನ ಕಥೆ ಹೊರಗುಳಿಯುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಂದು ಬಸ್ಸಿಗೆ 30 ಮಂದಿ ಹೊರಗಿನಿಂದ ಬಂದವರು, 10 ಮಂದಿ ಇಲ್ಲೇ ಓದುವ, ದುಡಿಯುವ ಯುವಜನ. ಇಲ್ಲಿಯವರು ಮೊದಲ ದಿನದಿಂದ ಕೊನೆಯ ದಿನದವರೆಗೂ ಜೊತೆಗಿರಲಿ. ಐದು ದಿನ ಸಾಕು. ಒಂದು ದಿನ ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ. ಒಂದು ದಿನ ಮಳಖೇಡ, ಸನ್ನತಿ. ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕ ಕನಗನಹಳ್ಳಿ ಅಲ್ಲೇ ಪಕ್ಕದಲ್ಲಿದೆ. ಒಂದು ದಿನ ಬಸವಕಲ್ಯಾಣ, ಗೋರ್ಟಾ. ಒಂದು ದಿನ ಬೀದರ್‌ನಲ್ಲಿ 1472ರ ಗವಾನ್ ಮದರಸಾ, ಝೀರಾ ಗುರುದ್ವಾರ, ಬಿದ್ರಿ ಕುಶಲಕರ್ಮಿಗಳ ಅಂಗಳ. ಇನ್ನೊಂದು ದಿನ ಏನೂ ನೋಡುವುದಿಲ್ಲ. ಇಬ್ಬಿಬ್ಬರಂತೆ ಇಲ್ಲಿಯ ಜೊತೆಗಾರರ ಮನೆಯಲ್ಲಿ ರೊಟ್ಟಿ ಬಡಿಯುವುದು, ಹೊಲಕ್ಕೆ ಹೋಗುವುದು. ಕಾಲ ಡಿಸೆಂಬರ್ ಕೊನೆಯ ವಾರ: ರಜೆ ಇರುತ್ತದೆ, ತೊಗರಿ ಕೊಯ್ಲೂ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಮಾತ್ರ ಬೇಡ, 42 ಡಿಗ್ರಿಯಲ್ಲಿ ಕೋಟೆ ಹತ್ತಿಸಿದರೆ ಎರಡನೇ ದಿನವೇ ಆಸ್ಪತ್ರೆ ಸೇರುತ್ತಾರೆ. ಒಬ್ಬರಿಗೆ ಸಾವಿರ ರೂಪಾಯಿ ಠೇವಣಿ, ಕೊನೆಯ ದಿನ ಕೈಗೇ ವಾಪಸ್. ಅರ್ಜಿ ಆಗಸ್ಟಿನಲ್ಲೇ ಕರೆಯಬೇಕು, ಏಕೆಂದರೆ ಮುಂಬೈ, ಪುಣೆ ಕಡೆಯ ರೈಲುಗಳಲ್ಲಿ ಡಿಸೆಂಬರ್ ಕೊನೆಗೆ ಸ್ಲೀಪರ್ ಸೀಟು ಸಿಗುವುದು ಕಷ್ಟ. ಜಿಲ್ಲಾಡಳಿತ ಒಂದೇ ಬಸ್ಸಿನಿಂದ ಶುರು ಮಾಡಿದರೂ ಸಾಕು, ಆ ಹತ್ತು ಮಂದಿ ಸ್ಥಳೀಯರನ್ನು ಆರಿಸಿ ಎರಡು ಭಾನುವಾರ ತರಬೇತಿ ಕೊಡುವ ಕೆಲಸಕ್ಕೆ ನಾವು ಬರುತ್ತೇವೆ.

ಇತಿಹಾಸ ಅಧ್ಯಾಪಕರ ಒಂದು ಬಳಗ
ಕಲಬುರಗಿ