ಏಲಕ್ಕಿ ಎಣ್ಣೆ ಕಳಿಸಲ್ಲ ಮಗಳೇ

ಪ್ರೀತಿಯ ಮಗಳೇ,

ಪಾರ್ಸೆಲ್‌ನಲ್ಲಿ ಚಟ್ನಿಪುಡಿ, ನಿಪ್ಪಟ್ಟು, ಹುರಿಗಾಳು ಎಲ್ಲಾ ಹಾಕಿದ್ದೇನೆ. ನೀನು ಕೇಳಿದ ಏಲಕ್ಕಿ ಎಣ್ಣೆ ಮಾತ್ರ ಹಾಕಿಲ್ಲ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋದರೆ ಸಿಗುತ್ತದೆ, ಗೊತ್ತು. ಆದರೆ ಅದು ಪಾಯಸಕ್ಕಲ್ಲ, ಆವಿ ಎಳೆಯುವ ನಿನ್ನ ಇ-ಸಿಗರೇಟಿನ ವೇಪ್ ಲಿಕ್ವಿಡ್‌ಗೆ ಬೆರೆಸೋಕೆ ಅಂದೆಯಲ್ಲ, ಅದಕ್ಕೇ ಕಳಿಸಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಮಾತು ತಿರುಗಿಸುತ್ತೀಯ. ಹಾಗಾಗಿ ಬರೆಯುತ್ತಿದ್ದೇನೆ, ಪೂರ್ತಿ ಓದು.

ಮೊದಲೇ ಹೇಳಿಬಿಡುತ್ತೇನೆ, ಬೈಯೋಕೆ ಬರೆದಿದ್ದಲ್ಲ ಇದು. ನೀನು ಇಂಗ್ಲೆಂಡಿನ ಲೆಸ್ಟರ್‌ಗೆ ಹೋಗಿ ಸಿಗರೇಟು ಹಿಡಿದಾಗ ನನಗೆ ಆದ ಸಂಕಟ ನಿನಗೆ ಗೊತ್ತಿದೆ. ಅದನ್ನು ಬಿಟ್ಟೆ ಅಂದಾಗ ನಿಮ್ಮಪ್ಪ ಊರಿಗೆಲ್ಲಾ ಸಿಹಿ ಹಂಚುವುದೊಂದು ಬಾಕಿ. ಸಿಗರೇಟಿಗಿಂತ ವೇಪ್ ಹಾನಿ ಕಡಿಮೆ, ಸಿಗರೇಟು ಬಿಡುವವರಿಗೆ ಅದು ಒಂದು ದಾರಿ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರೇ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಹಾನಿ ಕಡಿಮೆ ಅಂದರೆ ಹಾನಿಯೇ ಇಲ್ಲ ಅಂತಲ್ಲ, ಅದನ್ನೂ ಅವರೇ ಹೇಳುತ್ತಾರೆ. ಜೂನ್ 2025ರಲ್ಲಿ ಅಲ್ಲಿ ಬಳಸಿ ಬಿಸಾಡುವ ವೇಪ್‌ಗಳು ಬ್ಯಾನ್ ಆದ ಮೇಲೆ ನೀನು ತುಂಬಿಸಿಕೊಳ್ಳುವ ಸಾಧನ ತಗೊಂಡೆ, ಅದೂ ಸರಿ. ಈಗ ಆ ದೊಡ್ಡ ಸಾಧನ, ತಂತಿ ಸುತ್ತುವುದು, ಸಿರಿಂಜು, ತಕ್ಕಡಿ, ಹತ್ತು ಥರದ ಫ್ಲೇವರ್ ಬಾಟಲಿ ಅಂತ ನಿನ್ನ ಮೇಜಿನ ಫೋಟೋ ಕಳಿಸಿದೆಯಲ್ಲ, ಅದನ್ನು ನೋಡಿದ ಮೇಲೆ ನನಗೆ ಸುಮ್ನಿರೋಕೆ ಆಗಲಿಲ್ಲ. ಬಿಡೋಕೆ ಅಂತ ಹಿಡಿದದ್ದು ಹವ್ಯಾಸ ಆಗುತ್ತಿದೆ ಅನ್ನಿಸಿತು.

ಎಣ್ಣೆಯ ವಿಷಯ ಮುಗಿಸುತ್ತೇನೆ. ತಿನ್ನೋಕೆ ಒಳ್ಳೇದು ಅಂದ ಮಾತ್ರಕ್ಕೆ ಉಸಿರಿನ ಜೊತೆ ಒಳಗೆ ಎಳೆಯೋಕೂ ಒಳ್ಳೇದು ಅಂತಲ್ಲ. ಎಣ್ಣೆಯ ಹನಿ ಶ್ವಾಸಕೋಶದಲ್ಲಿ ಕೂತರೆ ಅದನ್ನು ಕರಗಿಸಿ ಹೊರಹಾಕುವುದು ಅಲ್ಲಿ ಸುಲಭವಲ್ಲ, ಲಿಪಾಯ್ಡ್ ನ್ಯುಮೋನಿಯಾ ಅನ್ನುವ ಕಾಯಿಲೆಯೇ ಇದೆ. ಅಮೆರಿಕದಲ್ಲಿ 2019ರಲ್ಲಿ ಏನಾಯಿತು ನೋಡು. ಗಾಂಜಾದ ಅಂಶ ಇದ್ದ ವೇಪ್ ಕಾರ್ಟ್ರಿಜ್‌ಗಳಿಗೆ ಯಾರೋ ವಿಟಮಿನ್ ಇ ಅಸಿಟೇಟ್ ಬೆರೆಸಿ ಮಾರಿದರು. ವಿಟಮಿನ್ ಇ ಮಾತ್ರೆ ನಾವು ನುಂಗುತ್ತೇವೆ, ಮುಖಕ್ಕೂ ಹಚ್ಚುತ್ತೇವೆ, ಏನೂ ಆಗಲ್ಲ. ಶ್ವಾಸಕೋಶಕ್ಕೆ ಹೋದಾಗ, 2020ರ ಫೆಬ್ರವರಿಯ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, 68 ಜನ ಸತ್ತಿದ್ದರು. ಅದಕ್ಕೂ ಮೊದಲು, 2000ದಲ್ಲಿ, ಮಿಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರ ಶ್ವಾಸಕೋಶ ಹಾಳಾದದ್ದು ಬೆಳಕಿಗೆ ಬಂತು. ಕಾರಣ ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್. ತಿಂದವರಿಗೆ ಏನೂ ಆಗಿರಲಿಲ್ಲ, ಅದರ ಆವಿ ಕುಡಿದವರಿಗೆ ಆಯಿತು. ಇಂಗ್ಲೆಂಡಿನಲ್ಲಿ ಅದನ್ನು ವೇಪ್ ಲಿಕ್ವಿಡ್‌ಗೆ ಹಾಕುವಂತಿಲ್ಲ. ಆದರೆ ಅಡುಗೆಮನೆಯ ಎಸೆನ್ಸ್ ಬಾಟಲಿಗೆ ಆ ನಿಯಮ ಇಲ್ಲವಲ್ಲ! ಹಾಗಾಗಿ ಕೇಕಿಗೆ ಹಾಕುವ ಎಸೆನ್ಸ್, ಪಾನ್ ಮಸಾಲೆಯ ಅತ್ತರು, ಯಾವುದೂ ಬೇಡ. ಬೆರೆಸಲೇಬೇಕು ಅಂದರೆ ಅಲ್ಲಿ ವೇಪ್‌ಗೆಂದೇ ತಯಾರಿಸಿ ಮಾರುವ ಲಿಕ್ವಿಡ್ ಮಾತ್ರ.

ಇನ್ನು ನಿಕೋಟಿನ್. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾವು ಬದುಕಿದ್ದೇ ಅದು ಇರುವ ಹೊಗೆಸೊಪ್ಪಿನ ಬೆಳೆಯ ಮೇಲೆ.

ಹೋದ ವಾರ ತಲೆ ಸುತ್ತಿ ವಾಂತಿ ಬಂದ ಹಾಗಾಯಿತು ಅಂದೆಯಲ್ಲ, ಪಾಡ್ ಅನ್ನುವ ಚಿಕ್ಕ ವೇಪ್‌ಗೆ ಹಾಕುವ ಎಂಎಲ್‌ಗೆ 20 ಎಂಜಿಯ ನಿಕೋಟಿನ್ ಸಾಲ್ಟ್ ಲಿಕ್ವಿಡ್ಡನ್ನು ದೊಡ್ಡ ಸಾಧನಕ್ಕೆ ಸುರಿದೆ ಅಂತ. ಪಾಡ್ ಎಳೆದರೆ ಬರುವುದು ಸ್ವಲ್ಪ ಆವಿ. ನಿನ್ನ ಹೊಸ ಸಾಧನ 60-70 ವ್ಯಾಟ್‌ನಲ್ಲಿ ಬಾಯಿತುಂಬಾ ಮೋಡ ಬಿಡುತ್ತದೆ. ಒಂದೊಂದು ಎಳೆತಕ್ಕೂ ಎಷ್ಟೋ ಪಟ್ಟು ನಿಕೋಟಿನ್ ಒಳಗೆ ಹೋಗುತ್ತದೆ, ತಲೆ ಸುತ್ತದೆ ಇನ್ನೇನು? ಈ ತಲೆಸುತ್ತು ನನಗೆ ಹೊಸದಲ್ಲ. ನಮ್ಮ ಪಿರಿಯಾಪಟ್ಟಣದ ಕಡೆ ಜುಲೈ, ಆಗಸ್ಟ್‌ನಲ್ಲಿ ಸೊಪ್ಪು ಮುರಿಯುವ ಹೆಂಗಸರನ್ನು ನೀನೂ ನೋಡಿದ್ದೀಯ. ಮಳೆಯಲ್ಲಿ ನೆನೆದ ಹೊಗೆಸೊಪ್ಪನ್ನು ಕಂಕುಳಲ್ಲಿ ಒತ್ತಿಕೊಂಡು ಸಾಲಿನಿಂದ ಸಾಲಿಗೆ ಹೋಗುತ್ತಾರೆ, ತೋಳೆಲ್ಲಾ ಕಪ್ಪು ಅಂಟು. ಮಧ್ಯಾಹ್ನದ ಹೊತ್ತಿಗೆ ಹೊಸಬರು ಯಾರಾದರೂ ಬದುವಿನ ಮೇಲೆ ತಲೆ ಹಿಡಿದು ಕೂತುಬಿಡುತ್ತಾರೆ. ವಾಂತಿ, ಬೆವರು, ಕೈಕಾಲು ನಡುಕ. ಬಿಸಿಲಿಗೂ ಅಲ್ಲ, ಹಸಿವಿಗೂ ಅಲ್ಲ, ಎಲೆಯ ನಿಕೋಟಿನ್ ಒದ್ದೆ ಚರ್ಮದ ಮೂಲಕ ರಕ್ತಕ್ಕೆ ಇಳಿದಿರುತ್ತದೆ. ಬೀಡಿ ಮುಟ್ಟದ ಹೆಂಗಸಿಗೂ ಹೀಗಾಗುತ್ತದೆ. ಬರೀ ಎಲೆ ಮುಟ್ಟಿದ್ದಕ್ಕೆ ಇಷ್ಟು. ನಿನ್ನ ಬಾಟಲಿಯಲ್ಲಿರುವುದು ಅದೇ ಸೊಪ್ಪಿನಿಂದ ಬೇರ್ಪಡಿಸಿ ತೆಗೆಯುವ ನಿಕೋಟಿನ್.

ಅಲ್ಲಿನ ಕಾನೂನು ಸುಮ್ನೆ ಮಾಡಿದ್ದಲ್ಲ. ಒಂದು ಎಂಎಲ್‌ಗೆ 20 ಎಂಜಿ ಮೀರಬಾರದು, ನಿಕೋಟಿನ್ ಇರುವ ಬಾಟಲಿ 10 ಎಂಎಲ್‌ಗಿಂತ ದೊಡ್ಡದಿರಬಾರದು. ನಿನ್ನ ಸ್ನೇಹಿತ ಹೊರದೇಶದಿಂದ 72 ಎಂಜಿಯ 100 ಎಂಎಲ್ ಬಾಟಲಿ ತರಿಸಿದ್ದಾನೆ, ಅಗ್ಗ ಬೀಳುತ್ತೆ, ಪಾಲು ತಗೋತೀನಿ ಅಂದೆಯಲ್ಲ. ಲೆಕ್ಕ ಮಾಡು. 72 ಗುಣಿಸು 100, ಅಂದರೆ 7,200 ಎಂಜಿ. ಮನುಷ್ಯನನ್ನು ಕೊಲ್ಲೋಕೆ 60 ಎಂಜಿ ಸಾಕು ಅಂತ ಹಳೇ ಪುಸ್ತಕಗಳಲ್ಲಿತ್ತು. ಅದು ತಪ್ಪು, 500ರಿಂದ 1,000 ಎಂಜಿ ಬೇಕಾಗಬಹುದು ಅಂತ 2014ರಲ್ಲಿ ಆಸ್ಟ್ರಿಯಾದ ಬೆರ್ನ್ಡ್ ಮೇಯರ್ ಬರೆದರು. ಆ ಲೆಕ್ಕ ಹಿಡಿದರೂ ಆ ಒಂದು ಬಾಟಲಿ ಎಷ್ಟು ಜನಕ್ಕಾಗುತ್ತೆ? ನಿಮ್ಮ ಮನೆ ಓನರ್‌ಗೆ ಎರಡು ವರ್ಷದ ಮಗು ಬೇರೆ ಇದೆ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಲಿಕ್ವಿಡ್ ನಿಕೋಟಿನ್ ಕುಡಿದು ಸತ್ತಿತು. ಆ ಬಾಟಲಿ ಮನೆಯೊಳಗೆ ಬರಕೂಡದು. ಇರುವ ಚಿಕ್ಕ ಬಾಟಲಿಗಳನ್ನೂ ಬೀಗದ ಡಬ್ಬಿಯಲ್ಲಿಡು, ಫ್ರಿಜ್‌ನಲ್ಲಿ ಜ್ಯೂಸಿನ ಪಕ್ಕ ಅಲ್ಲ. ಕೈಗೆ ಗ್ಲೌಸ್ ಹಾಕು. ಚರ್ಮದ ಮೇಲೆ ಚೆಲ್ಲಿದರೆ ಒರೆಸಿಕೊಂಡು ಕೂರಬೇಡ, ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳಿ.

ತಂತಿ ಸುತ್ತುವ ವಿಷಯ, ಅಂದರೆ ಲಿಕ್ವಿಡ್ ಕಾಯಿಸುವ ಕಾಯಿಲ್ ನೀನೇ ಮಾಡುವುದು. ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಕಲಿತೆ, ಓಮನ ನಿಯಮ. ಪೂರ್ತಿ ಚಾರ್ಜ್ ಆದ 18650 ಅಳತೆಯ ಬ್ಯಾಟರಿಯಲ್ಲಿ 4.2 ವೋಲ್ಟ್. ನೀನು ಸುತ್ತಿದ ಕಾಯಿಲ್ 0.2 ಓಮ್ ಇದ್ದರೆ ಹರಿಯುವುದು 21 ಆಂಪಿಯರ್. ನಿನ್ನ ಬ್ಯಾಟರಿ ತಡೆಯುವುದೇ 20 ಆದರೆ? ಚಿಪ್ ಇರುವ ಸಾಧನ ತಾನೇ ತಡೆದು ನಿಲ್ಲಿಸುತ್ತದೆ. ಮೆಕ್ಯಾನಿಕಲ್ ಮಾಡ್ ಅನ್ನುವ ಬರೀ ಲೋಹದ ಕೊಳವೆಯಲ್ಲಿ ಅಂಥ ತಡೆ ಯಾವುದೂ ಇಲ್ಲ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ವೇಪ್ ಸಿಡಿದು ಒಬ್ಬೊಬ್ಬರು ಸತ್ತಿದ್ದಾರೆ. ಆ ಮೆಕ್ಯಾನಿಕಲ್ ಮಾಡ್ ಮುಟ್ಟಬೇಡ, ಇದು ಕೇಳಿಕೊಳ್ಳುವುದಲ್ಲ, ಹೇಳುವುದು. ಕಂಪನಿಯ ರೆಡಿ ಕಾಯಿಲ್ ಸಾಕು ನಿನಗೆ. ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಅದನ್ನು ಬಳಸಬೇಡ. ಬಿಡಿ ಬ್ಯಾಟರಿಯನ್ನು ಬ್ಯಾಗಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಹಾಕಬೇಡ, ಶಾರ್ಟ್ ಆಗುತ್ತದೆ. ಹೊಸ ಕಾಯಿಲ್ ಹಾಕಿದಾಗ ಒಳಗಿನ ಹತ್ತಿಗೆ ಲಿಕ್ವಿಡ್ ಹೀರಿಕೊಳ್ಳೋಕೆ ಹತ್ತು ನಿಮಿಷ ಬಿಡು, ಒಣ ಹತ್ತಿ ಸುಟ್ಟು ಬರುವ ಆ ಘಾಟು ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ.

ಇಷ್ಟೆಲ್ಲಾ ಹೇಳಿದರೂ ನಿನ್ನ ತಕ್ಕಡಿ, ಸಿರಿಂಜು ದಂಡ ಅಂತ ನಾನು ಹೇಳಲ್ಲ. ಅದರಿಂದ ಒಂದು ಉಪಯೋಗ ಇದೆ. 60 ಎಂಎಲ್ ಬಾಟಲಿಯಲ್ಲಿ ನಿಕೋಟಿನ್ ಇಲ್ಲದ 50 ಎಂಎಲ್ ಲಿಕ್ವಿಡ್ ಬರುತ್ತದಲ್ಲ, ಅದಕ್ಕೆ ಎಂಎಲ್‌ಗೆ 18 ಎಂಜಿ ನಿಕೋಟಿನ್ ಇರುವ 10 ಎಂಎಲ್ ಬಾಟಲಿ, ಅದೇ ನಿಕ್ ಶಾಟ್, ಒಂದನ್ನು ಹಾಕಿದರೆ ಎಂಎಲ್‌ಗೆ 3 ಎಂಜಿ ಆಗುತ್ತದೆ. ಅದಕ್ಕೆ ಸಮಸಮ ನಿಕೋಟಿನ್ ಇಲ್ಲದ್ದು ಬೆರೆಸಿದರೆ ಒಂದೂವರೆ. ಆಮೇಲೆ ಸೊನ್ನೆ. ಬೆರೆಸೋಕೆ ಕಲಿತವಳಿಗೆ ಇಳಿಸೋಕೂ ಬರುತ್ತದೆ, ಅಲ್ವಾ? ಅವಸರ ಬೇಡ. ಬೇಗ ಇಳಿಸಿದರೆ ದೇಹ ಕೇಳಲ್ಲ, ಗೊತ್ತಿಲ್ಲದ ಹಾಗೆ ಜಾಸ್ತಿ ಜಾಸ್ತಿ ಎಳೆಯುತ್ತೀಯ, ಇಳಿಸಿದ್ದು ದಕ್ಕುವುದಿಲ್ಲ. ಒಂದು ಮಟ್ಟದಲ್ಲಿ ಕೆಲವು ವಾರ ನಿಲ್ಲು, ಆಮೇಲೆ ಕೆಳಗೆ. ಮತ್ತೆ ಸಿಗರೇಟಿಗೆ ಹೋಗುವ ಹಾಗಾದರೆ ಮಾತ್ರ ಇಳಿಸುವುದನ್ನು ನಿಲ್ಲಿಸು, ಅದಕ್ಕಿಂತ ಇದೇ ವಾಸಿ.

ದಸರೆಗೆ ಬರುವಾಗ ಸಾಧನ, ಲಿಕ್ವಿಡ್ ಯಾವುದನ್ನೂ ತರಬೇಡ. ಕರ್ನಾಟಕದಲ್ಲಿ 2016ರಲ್ಲೇ ಇದರ ಮಾರಾಟ ನಿಲ್ಲಿಸಿದ್ದರು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ಆಮದು ಮಾಡಿದ್ದು ಅಂತ ಆದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಇಲ್ಲಿದ್ದಷ್ಟು ದಿನ ತಡೆಯೋಕಾಗದಿದ್ದರೆ 2 ಎಂಜಿ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ತಂದಿಟ್ಟಿರುತ್ತೇನೆ. ನಿಮ್ಮಪ್ಪನ ಎದುರು ಮುಚ್ಚಿಡುವುದೇನೂ ಬೇಡ, ಅವರಿಗೆ ಎಲ್ಲಾ ಹೇಳಿದ್ದೇನೆ.

ಇನ್ನು ಮೇಲೆ ಭಾನುವಾರ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಈಗ ಎಷ್ಟು ಎಂಜಿ ಅಂತಲೂ ಕೇಳುತ್ತೇನೆ. ಬೇಜಾರು ಮಾಡಿಕೊಳ್ಳದೆ ನಿಜವಾದ ನಂಬರ್ ಹೇಳು.

ನಿನ್ನ ಅಮ್ಮ